ಚಿನ್ನಿಗೆ ವಯಸ್ಸಾಗುತ್ತಿರುವುದು

ನಮ್ಮ ನಾಯಿ ಚಿನ್ನಿಗೆ ವಯಸ್ಸಾಗುತ್ತಿರುವುದು ಮೂತಿಯ ನರೆಗಿಂತ ಮೊದಲು ನನಗೆ ತಿಳಿದದ್ದು ಉಗುರಿನ ಸದ್ದಿನಿಂದ. ಬೀದಿಯಿಂದ ಮರಿಯಾಗಿ ಬಂದು ಈಗ 11 ವರ್ಷ ತುಂಬಿರುವ ಅವಳು, ಬಸವನಗುಡಿಯ ನಮ್ಮ ಮನೆಯ ಮೊಸಾಯಿಕ್ ನೆಲದ ಮೇಲೆ ಓಡಾಡುವಾಗ ಕೇಳುವ ಟಕಟಕ ಸದ್ದು ಕಳೆದ ಚಳಿಗಾಲದಲ್ಲಿ ಹೆಚ್ಚಾಯಿತು. ನಡಿಗೆ ಕಡಿಮೆಯಾದರೆ ಉಗುರು ಸವೆಯದೆ ಬೆಳೆಯುತ್ತದೆ. ಬೆಳೆದ ಉಗುರು ನುಣುಪು ನೆಲದಲ್ಲಿ ಕಾಲು ಜಾರುವಂತೆ ಮಾಡುತ್ತದೆ. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು: ದಿವಾನದ ಮೇಲೆ ಮುಂಗಾಲಿಟ್ಟು ಹತ್ತಲೋ ಬೇಡವೋ ಎಂದು ನಿಲ್ಲುವುದು, ಬಲ ಹಿಂಗಾಲಿನ ಮಂಡಿಯನ್ನೇ ಮತ್ತೆ ಮತ್ತೆ ನೆಕ್ಕುವುದು, ಕಣ್ಣೊಳಗೆ ತೆಳುವಾಗಿ ಕವಿದ ನೀಲಿ ಮಬ್ಬು.

"ವಯಸ್ಸಾಯ್ತಲ್ಲ, ಇನ್ನು ಅದೂ ನಮ್ಮ ಹಾಗೇ ಕಣಮ್ಮ," ಎಂದರು ಅತ್ತೆ. ಅವರ ಮಾತಿನಲ್ಲಿ ಮರುಕವಿತ್ತು, ಆದರೆ ಹಾಗೆಂದು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಶನಿವಾರ ಬೆಳಿಗ್ಗೆಯೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೊರಟೆವು. 1958ರಲ್ಲಿ ಆರಂಭವಾದ ಆ ಕಾಲೇಜಿನ ಬಗ್ಗೆ ನಾಯಿ ಸಾಕಿದ ನೆರೆಯವರೆಲ್ಲ ಭರವಸೆಯಿಂದ ಮಾತನಾಡುತ್ತಾರೆ.

ಕಣ್ಣಿಗೆ ಬೆಳಕು ಹಾಯಿಸಿ ನೋಡಿದ ವೈದ್ಯೆ, "ಇದು ಪೊರೆ ಅಲ್ಲ. ವಯಸ್ಸಿಗೆ ಮಸೂರ ಗಟ್ಟಿಯಾಗಿದೆ, ನೋಟಕ್ಕೇನೂ ಅಷ್ಟು ತೊಂದರೆಯಿಲ್ಲ," ಎಂದರು. ನಂತರ ಹಿಂಗಾಲನ್ನು ನಿಧಾನವಾಗಿ ಮಡಿಸಿದರು. ಚಿನ್ನಿ ಕೂಗಲಿಲ್ಲ, ಕಚ್ಚಲೂ ಹೋಗಲಿಲ್ಲ. ತಲೆ ತಿರುಗಿಸಿ ವೈದ್ಯೆಯ ಕೈಯನ್ನೇ ನೋಡುತ್ತಾ ತುಟಿ ಸವರಿಕೊಂಡಳು. "ನೋಡಿ, ಇದೇ ನೋವು. ನಾಯಿಗಳು ಬಾಯಿಬಿಟ್ಟು ಹೇಳೋದು ಕಮ್ಮಿ," ಎಂದ ಅವರ ಮಾತು ನನ್ನ ಮನಸ್ಸಿಗೆ ಬಹಳ ತಟ್ಟಿತು. ಎಕ್ಸ್-ರೇಯಲ್ಲಿ ಸಂಧಿವಾತ ಖಚಿತವಾಯಿತು. ಕಣ್ಣಿನ ಮಬ್ಬು ವಯಸ್ಸಿನದು, ಅದಕ್ಕೆ ಮದ್ದು ಬೇಕಿಲ್ಲ. ಮಂಡಿಯ ನೋವನ್ನು ಮಾತ್ರ ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಿರಬಾರದು, ಏಕೆಂದರೆ ಅದನ್ನು ತಗ್ಗಿಸುವ ಔಷಧವಿದೆ. ನಾವು ನುಂಗುವ ಐಬುಪ್ರೊಫೇನ್‌ನಂಥ ಮಾತ್ರೆಯನ್ನು ಕೊಡಲೇಬಾರದೆಂದೂ, ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲುದೆಂದೂ ಎಚ್ಚರಿಸಿದರು.

ನೀರು ಎಷ್ಟು ಕುಡಿಯುತ್ತಾಳೆ, ರಾತ್ರಿ ಮೂತ್ರಕ್ಕೆ ಏಳುತ್ತಾಳೆಯೇ ಎಂದು ಕೇಳಿ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಬಾಯಾರಿಕೆ ಹೆಚ್ಚಾದರೆ ಮೂತ್ರಪಿಂಡದ ಕಾಯಿಲೆ ಅಥವಾ ಮಧುಮೇಹ ಇರಬಹುದಂತೆ. ವರದಿ ಸರಿಯಾಗಿಯೇ ಬಂತು. ಈಗ ಉಗುರು ಕತ್ತರಿಸಿದೆ, ಅವಳು ಓಡಾಡುವಲ್ಲೆಲ್ಲ ಜಾರದ ಚಾಪೆ ಹಾಸಿದೆ, ದೂರದ ಒಂದು ನಡಿಗೆಯ ಬದಲು ಎರಡು ಹೊತ್ತು ಸ್ವಲ್ಪ ಸ್ವಲ್ಪ ನಡೆಸುತ್ತೇವೆ. ಬಟ್ಟಲಿಗೆ ಬೆಳಿಗ್ಗೆ ಸುರಿದ ನೀರೆಷ್ಟು, ರಾತ್ರಿ ಉಳಿದದ್ದೆಷ್ಟು ಎಂಬುದನ್ನು ಅತ್ತೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ.