ಕ್ವೆರಿಗೆ ಸೊನ್ನೆ ಬಂದ ದಿನ

ಬ್ರೌಸರ್‌ನಲ್ಲಿ ಒಂದು ಕಡೆ ಕ್ವೆರಿ, ಪಕ್ಕದಲ್ಲಿ ಫಲಿತಾಂಶ. ಪ್ರಶ್ನೆಯೂ ಸರಳ: ಈ ಸಿ ಕೋಡಿನಲ್ಲಿ ಮೆಮೊರಿಯ ತುಣುಕನ್ನು ನಕಲಿಸುವ ಮೆಮ್‌ಕಾಪಿ ಫಂಕ್ಷನ್ನನ್ನು ಎಲ್ಲೆಲ್ಲಿ ಕರೆಯಲಾಗಿದೆ? ಕೋಡನ್ನೇ ಡೇಟಾಬೇಸಿನಂತೆ ಪ್ರಶ್ನಿಸಲು ಬಿಡುವ ಕೋಡ್‌ಕ್ಯೂಎಲ್‌ನಲ್ಲಿ ಇದು ಮೂರೇ ಸಾಲು. ಫ್ರಮ್‌ನಲ್ಲಿ ಫಂಕ್ಷನ್‌ಕಾಲ್, ವೇರ್‌ನಲ್ಲಿ ಅದು ಕರೆಯುವ ಫಂಕ್ಷನ್ನಿನ ಹೆಸರು, ಸೆಲೆಕ್ಟ್‌ನಲ್ಲಿ ಆ ಕಾಲ್. ರನ್ ಒತ್ತಿದರೆ ಸೊನ್ನೆ. ಅದೇ ಹೆಸರನ್ನು ಮಾಮೂಲಿ ಹುಡುಕಾಟಕ್ಕೆ ಕೊಟ್ಟರೆ ಪುಟಗಟ್ಟಲೆ ಸಿಗುತ್ತದೆ.

ಇಂಥಾಗ ಕ್ವೆರಿ ತಿದ್ದುತ್ತ ಕೂರುವುದು ದಂಡ. ಮೊದಲು ಕೋಡಿನಿಂದ ಕಟ್ಟಿದ ಡೇಟಾಬೇಸ್ ನೋಡಬೇಕು; ಕ್ವೆರಿ ಓಡುವುದು ಅದರ ಮೇಲೆ. ಬಿಲ್ಡ್ (ಕೋಡನ್ನು ಕಂಪೈಲ್ ಮಾಡುವ ಕೆಲಸ) ಗಮನಿಸಿ ಕಟ್ಟಿದ ಡೇಟಾಬೇಸಿನಲ್ಲಿ ಕಂಪೈಲರ್ ಮುಟ್ಟಿದ ಫೈಲುಗಳಷ್ಟೇ ಇರುತ್ತವೆ. ಹಿಂದೆ ಕಂಪೈಲಾದ ಆಬ್ಜೆಕ್ಟ್ ಫೈಲುಗಳು ಉಳಿದಿದ್ದರೆ ಬಿಲ್ಡ್ ನಡೆಸುವ ಮೇಕ್ ಬದಲಾದ ಒಂದೆರಡನ್ನು ಮಾತ್ರ ಕಂಪೈಲ್ ಮಾಡಿ ಸುಮ್ಮನಾಗುತ್ತದೆ. ಡೇಟಾಬೇಸಿಗೆ ಇಳಿಯುವುದೂ ಅಷ್ಟೇ. ಮೇಕ್ ಕ್ಲೀನ್ ಮಾಡಿ, ಹಳೆಯ ಕಂಪೈಲ್ ಫಲಿತಾಂಶ ಮರುಬಳಸುವ ಸಿಕ್ಯಾಶ್ ಇದ್ದರೆ ನಿಲ್ಲಿಸಿ, ಮತ್ತೆ ಕಟ್ಟಬೇಕು. ಆಮೇಲೆ ಫೈಲುಗಳನ್ನಷ್ಟೇ ಸೆಲೆಕ್ಟ್ ಮಾಡುವ ಕ್ವೆರಿ ಓಡಿಸಿದರೆ ಬೇಕಾದ ಫೈಲ್ ಒಳಗಿದೆಯೋ ಇಲ್ಲವೋ ತಿಳಿಯುತ್ತದೆ. ಷರತ್ತಿನ ಮೇಲೆ ಕೋಡ್ ಸೇರಿಸುವ ಇಫ್‌ಡೆಫ್ ಒಳಗೆ ಆಫ್ ಆಗಿರುವ ಕೋಡ್ ಮಾತ್ರ ಆಗಲೂ ಕಾಣದು. ಬ್ರೌಸರ್‌ನಲ್ಲೇ ಕ್ವೆರಿ ಓಡಿಸಬಹುದಾಗಿದ್ದ ಎಲ್‌ಜಿಟಿಎಂ ತಾಣದಲ್ಲಿ ಡೇಟಾಬೇಸ್ ಸಿದ್ಧವಾಗಿಯೇ ಸಿಗುತ್ತಿತ್ತು. 2022ರ ಡಿಸೆಂಬರಿನಲ್ಲಿ ಅದು ಮುಚ್ಚಿತು. ಈಗ ಗಿಟ್‌ಹಬ್‌ನ ಕ್ಲೌಡ್ ಯಂತ್ರವಾದ ಕೋಡ್‌ಸ್ಪೇಸಸ್‌ನಲ್ಲಿ ವಿಎಸ್ ಕೋಡ್ ಎಡಿಟರ್ ತೆರೆದು ಡೇಟಾಬೇಸನ್ನು ತಾವೇ ಕಟ್ಟುವವರು ಇದನ್ನೆಲ್ಲ ನೋಡಿಕೊಳ್ಳಬೇಕು.

ಮುಂದಿನ ಸೊನ್ನೆ ಇನ್ನೂ ಚಿಕ್ಕ ಕಾರಣದ್ದು. ಮೆಮ್‌ಕಾಪಿಯ ಮೂರನೇ ಆರ್ಗ್ಯುಮೆಂಟ್ ಉದ್ದ. ಎಣಿಕೆ 0ಯಿಂದ ಶುರುವಾಗುವುದರಿಂದ ಕ್ವೆರಿಯಲ್ಲಿ ಆರ್ಗ್ಯುಮೆಂಟನ್ನು ಹೆಕ್ಕುವ ಗೆಟ್‌ಆರ್ಗ್ಯುಮೆಂಟ್‌ಗೆ 2 ಕೊಡಬೇಕು. ಮರೆತು 3 ಕೊಟ್ಟರೆ ಎರರ್ ಬರುವುದಿಲ್ಲ, ಫಲಿತಾಂಶವೂ ಬರುವುದಿಲ್ಲ.

ಉಲ್ಟಾ ತೊಂದರೆಯೂ ಇದೆ. ಫ್ರಮ್‌ನಲ್ಲಿ ಎರಡು ವೇರಿಯಬಲ್ ಇಟ್ಟು ವೇರ್‌ನಲ್ಲಿ ಅವುಗಳ ನಂಟು ಬರೆಯದಿದ್ದರೆ, 1,000 ಕಾಲ್ ಮತ್ತು 1,000 ಫಂಕ್ಷನ್ ಸೇರಿ 10 ಲಕ್ಷ ಜೋಡಿ. ಟ್ಯಾಬ್ ಅಲ್ಲಾಡುವುದಿಲ್ಲ.

ಹೊರಗಿನಿಂದ ಬಂದ ಉದ್ದ ಮೆಮ್‌ಕಾಪಿಯನ್ನು ತಲುಪುತ್ತದೆಯೇ ಎಂದು ಕೇಳುವಾಗಲೇ ನಿಜವಾದ ಪರೀಕ್ಷೆ. ಬೆಲೆ ಬದಲಾಗದೆ ಸಾಗುವುದನ್ನಷ್ಟೇ ಹಿಂಬಾಲಿಸುವ ಬರೀ ಡೇಟಾ ಫ್ಲೋ ಇಟ್ಟುಕೊಂಡರೆ ಆ ಉದ್ದವನ್ನು 4ರಿಂದ ಗುಣಿಸಿದಲ್ಲೇ ಜಾಡು ತಪ್ಪುತ್ತದೆ. ಟೇಂಟ್ ಟ್ರ್ಯಾಕಿಂಗ್ ಗುಣಾಕಾರ ದಾಟಿಯೂ ಹಿಂಬಾಲಿಸುತ್ತದೆ. ಆದರೆ ಗಾತ್ರ ಪರೀಕ್ಷಿಸಿದ ಜಾಗಗಳನ್ನೂ ದೋಷವೆಂದೇ ತೋರಿಸುತ್ತದೆ, ಅದಕ್ಕೆ ಜಾಡನ್ನು ಅಲ್ಲೇ ನಿಲ್ಲಿಸುವ ಬ್ಯಾರಿಯರ್ ಬರೆಯಬೇಕು. ಬ್ಯಾರಿಯರ್ ಅಗಲವಾದರೆ ನಿಜವಾದ ದೋಷವೂ ಅದರಡಿ ಮುಚ್ಚಿಹೋಗಿ ಮತ್ತದೇ ಸೊನ್ನೆ. ಹಾಗಾಗಿ ತಪ್ಪಿದೆಯೆಂದು ಗೊತ್ತಿರುವ ಹತ್ತು ಸಾಲಿನ ಫೈಲೊಂದನ್ನು ಬಿಲ್ಡಿಗೆ ಸೇರಿಸಿಡುವುದು ಒಳ್ಳೆಯದು. ಆ ಫೈಲೂ ಫಲಿತಾಂಶದಲ್ಲಿ ಇಲ್ಲವೆಂದರೆ ಕೆಟ್ಟಿರುವುದು ಕ್ವೆರಿ, ಇಲ್ಲವೇ ಡೇಟಾಬೇಸ್.