ಓಮ್ನಿ ಶೆಡ್ಡಿಗೆ ಎಲ್‌ಇಡಿ

ಮಾರುತಿ ಓಮ್ನಿ ವ್ಯಾನ್ ಇಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ, ಅದರ ಇಂಜಿನ್ ಇರುವುದು ಮುಂದಿನ ಸೀಟುಗಳ ಅಡಿಯಲ್ಲಿ. ಬಾನೆಟ್ ಎತ್ತುವ ಮಾತೇ ಇಲ್ಲ. ಬಾಗಿಲು ತೆರೆದು, ಸೀಟು ಮಗುಚಿ, ಸೊಂಟ ಬಗ್ಗಿಸಿ ಒಳಗೆ ಇಣುಕಬೇಕು. ಆಗ ನಮ್ಮ ತಲೆಯ ಮೇಲೆ ವ್ಯಾನಿನದ್ದೇ ತಗಡಿನ ಮಾಡು ಇರುತ್ತದೆ. ಶೆಡ್ಡಿನ ನಟ್ಟನಡುವೆ ಎಷ್ಟು ವ್ಯಾಟಿನ ಟ್ಯೂಬ್ ಉರಿದರೂ ಆ ತಗಡು ದಾಟಿ ಇಂಜಿನಿನವರೆಗೆ ಬೆಳಕು ಇಳಿಯುವುದಿಲ್ಲ. ಉಡುಪಿ ಜಿಲ್ಲೆಯ ಕಡಲತೀರದ ಕಾಪುವಿನ ನಮ್ಮ ಶೆಡ್ಡಿನಲ್ಲಿ ವರ್ಷಗಟ್ಟಲೆ ಇದ್ದದ್ದು ಅದೇ ವ್ಯವಸ್ಥೆ: ನಡುವೆ ಚೋಕ್ ಹಾಕಿದ ನಾಲ್ಕಡಿಯ ಒಂದು ಟ್ಯೂಬ್‌ಲೈಟ್, ಮತ್ತೆ ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಮೊಬೈಲ್ ಟಾರ್ಚ್.

ನಾನು ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುವವ. ಬೆಳಿಗ್ಗೆ ಹೊರಡುವ ಮೊದಲು ಆಯಿಲ್, ನೀರು, ಬೆಲ್ಟ್ ಒಮ್ಮೆ ನೋಡದೆ ವ್ಯಾನ್ ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಅಡ್ಡಿಯಿಲ್ಲ, ಬೇಗ ಬೆಳಕು ಹರಿಯುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯಲ್ಲಿ ಮಾತ್ರ ಆರು ಗಂಟೆಗೂ ನಡುರಾತ್ರಿಯ ಕತ್ತಲೆ. ಮೇಲಿಂದ ಮಳೆ, ಹಂಚಿನ ಸಂದಿನಿಂದ ಎರಚಲು, ತೇವಕ್ಕೆ ಹೊತ್ತಿಕೊಳ್ಳಲು ಸತಾಯಿಸುವ ಟ್ಯೂಬಿನ ಸ್ಟಾರ್ಟರ್. ಹಳೆ ಟ್ಯೂಬಿನ ಹೋಲ್ಡರಿನ ಹಿತ್ತಾಳೆಗೆ ಕಿಲುಬು ಹಿಡಿದು ಹಸಿರಾಗಿತ್ತು. ಟ್ಯೂಬ್ ಕೂರುವ ಪಟ್ಟಿಯ ತಗಡು ಉಪ್ಪುಗಾಳಿಗೆ ತುಕ್ಕು ಹಿಡಿದು ಕೈಗೆ ಪುಡಿಪುಡಿಯಾಗಿ ಬರುತ್ತಿತ್ತು. ಸಮುದ್ರದ ಹತ್ತಿರ ಮನೆ ಎಂದರೆ ಕೇಳಲಿಕ್ಕೆ ಚಂದ, ಕಬ್ಬಿಣದ ಸಾಮಾನು ಇಟ್ಟುಕೊಂಡವನಿಗೆ ಗೊತ್ತು ಅದರ ಕಷ್ಟ.

ಹಳೆ ಪಟ್ಟಿಯಲ್ಲೇ ಕೂರುವ ಎಲ್‌ಇಡಿ ಟ್ಯೂಬೂ ಸಿಗುತ್ತದೆ. ಆದರೆ ಹೆಚ್ಚಿನವುಗಳಿಗೆ ಸ್ಟಾರ್ಟರ್ ತೆಗೆದು, ಚೋಕ್ ಬಿಡಿಸಿ ನೇರ ವೈರು ಕೊಡಬೇಕು. ಕೆಲವಕ್ಕೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ, ಕೆಲವಕ್ಕೆ ತುದಿಗೊಂದು. ಮುಂದೆ ಯಾರಾದರೂ ಗೊತ್ತಿಲ್ಲದೆ ಆ ಪಟ್ಟಿಗೆ ಹಳೆ ಟ್ಯೂಬ್ ಸಿಕ್ಕಿಸಿದರೆ ಗ್ರಹಚಾರ. ಪಟ್ಟಿಯೇ ಕೊಳೆತು ಹೋದ ಮೇಲೆ ಅದನ್ನು ಉಳಿಸಿ ಆಗಬೇಕಾದ್ದೇನೂ ಇಲ್ಲ ಎಂದು ದೀಪ, ಪಟ್ಟಿ ಸೇರಿ ಇಡಿಯಾಗಿ ಬರುವ ಬ್ಯಾಟನ್ ತರುವುದೆಂದು ನಿಶ್ಚಯಿಸಿದೆ.

ಉಡುಪಿಯ ಅಂಗಡಿಯವರು ಮೊದಲು ತೋರಿಸಿದ್ದು 6500 ಕೆಲ್ವಿನ್‌ನ ಬಿಳಿ ದೀಪ. “ಇದೇ ಹೋಗುದು ಮಾರಾಯ್ರೆ, ಕಣ್ಣಿಗೆ ಹೊಡಿತದೆ ನೋಡಿ” ಎಂದರು, ಅದೇ ದೊಡ್ಡ ಗುಣವೆಂಬಂತೆ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ನೀಲಿ ಹೆಚ್ಚು. ನನಗೆ ಬೇಕಾಗಿದ್ದದ್ದು 4000. ನೆಲದ ಮೇಲೆ ಬಿದ್ದ ಹನಿ ಇಂಜಿನ್ ಆಯಿಲೋ, ಕೂಲೆಂಟೋ, ಬರೇ ಮಳೆನೀರೋ ಎಂದು ಬಣ್ಣ ನೋಡಿ ಹೇಳಬೇಕು. ನೀಲಿ ಹೊಡೆಯುವ ಬೆಳಕಿನಲ್ಲಿ ಕಂದು ಯಾವುದು, ಕಪ್ಪು ಯಾವುದು ಎಂದು ತಿಳಿಯುವುದು ನನ್ನ ಕಣ್ಣಿಗೆ ಕಷ್ಟ. ಅದಕ್ಕೆ ಪೆಟ್ಟಿಗೆಯ ಮೇಲೆ, ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆಂದು ನೂರಕ್ಕೆ ಅಂಕ ಕೊಡುವ ಸಿಆರ್‌ಐ ಎಷ್ಟು ಬರೆದಿದ್ದಾರೆಂದೂ ನೋಡಿದೆ. 80ಕ್ಕಿಂತ ಕೆಳಗಿನದ್ದು ಬೇಡ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಸಂಖ್ಯೆ, ಅಂದರೆ ‘ಆರ್’ ಅಕ್ಷರದಿಂದ ಶುರುವಾಗುವ ಆ ಸಂಖ್ಯೆ, ಇಲ್ಲದ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ಇನ್ನೊಂದು ಪರೀಕ್ಷೆ ಯಾರು ಬೇಕಾದರೂ ಮಾಡಬಹುದು: ಮೊಬೈಲ್ ಕ್ಯಾಮೆರಾ ತೆರೆದು ಉರಿಯುವ ದೀಪದ ಹತ್ತಿರ ಹಿಡಿಯಿರಿ. ಪರದೆಯ ಮೇಲೆ ದಪ್ಪ ಕಪ್ಪು ಪಟ್ಟೆಗಳು ಓಡಿದರೆ ಆ ದೀಪ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಮಿಣುಕುತ್ತಿದೆ ಎಂದರ್ಥ. ಒಳಗಿನ ಡ್ರೈವರಿನಲ್ಲಿ, ಅಂದರೆ ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟನ್ನು ಒಗ್ಗಿಸುವ ಸರ್ಕ್ಯೂಟಿನಲ್ಲಿ, ಕಾಸು ಉಳಿಸಿದ್ದಾರೆ. ನಾನು ಅಂಗಡಿಯಲ್ಲಿ ನಿಂತು ಒಂದೊಂದಕ್ಕೂ ಮೊಬೈಲ್ ಹಿಡಿಯುವಾಗ ಅಲ್ಲಿದ್ದವರು ಫೋಟೊ ತೆಗೆಯುತ್ತಿದ್ದೇನೆಂದೇ ತಿಳಿದಿದ್ದರು.

ಧೂಳು, ನೀರು ಎಷ್ಟು ತಡೆಯುತ್ತದೆಂದು ಹೇಳುವ ಐಪಿ ಸಂಖ್ಯೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ. ಮನೆಯೊಳಗೆ ಹಾಕುವ ಸಾಧಾರಣ ಬ್ಯಾಟನ್ ಐಪಿ 20. ಅದಕ್ಕೆ ನೀರಿನ ರಕ್ಷಣೆಯೇ ಇಲ್ಲ. ಐಪಿ 65ರಲ್ಲಿ 6 ಎಂದರೆ ಧೂಳು ಒಳಗೆ ನುಗ್ಗದು, 5 ಎಂದರೆ ಪೈಪ್ ಹಿಡಿದು ನೀರು ಹಾರಿಸಿದರೂ ತಡೆಯುತ್ತದೆ. ನಮ್ಮದು ಹಂಚಿನ ಮಾಡು, ಬಾಗಿಲಿಗೆ ಗ್ರಿಲ್; ಮಳೆಗಾಲದಲ್ಲಿ ಪಡುವಣ ಗಾಳಿ ಬೀಸಿದರೆ ಶೆಡ್ಡಿನೊಳಗೂ ಮುಖಕ್ಕೆ ಸಿಂಪಡಿಕೆ. ಗೋಡೆಗೆ ಹಾಕುವ ದೀಪಗಳಂತೂ ವ್ಯಾನ್ ತೊಳೆಯುವಾಗ ನೇರ ಪೈಪಿನ ಬಾಯಿಗೇ ಸಿಗುತ್ತವೆ. ಬೆಲೆ ಹೆಚ್ಚು, ಹೌದು. ಆದರೆ ಮುಚ್ಚಿದ ದೀಪದೊಳಗೆ ಹುಳ ಹೋಗಿ ಸಾಯುವುದಿಲ್ಲ. ಮೊದಲ ಮಳೆಗೆ ರೆಕ್ಕೆ ಹಚ್ಚಿಕೊಂಡು ಏಳುವ ಗೆದ್ದಲುಗಳ ಗುಂಪು, ಹಿಂದೆಯೇ ಹಲ್ಲಿಗಳು, ಹಳೆ ಟ್ಯೂಬಿನ ಸುತ್ತ ಜಾತ್ರೆಯನ್ನೇ ನೆರೆಸುತ್ತಿದ್ದವು. ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅವು ಈಗ ಅಷ್ಟೊಂದು ಬರುವುದಿಲ್ಲ. ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಷ್ಟು ದೀಪ ಬೇಕೆಂಬ ಲೆಕ್ಕಕ್ಕೆ ಬರೋಣ. ಶೆಡ್ 10 ಅಡಿ ಅಗಲ, 18 ಅಡಿ ಉದ್ದ, ಅಂದರೆ ಸುಮಾರು 17 ಚದರ ಮೀಟರ್. 20 ವ್ಯಾಟಿನ ಬ್ಯಾಟನ್ ಒಂದು 2000 ಲ್ಯೂಮೆನ್ ಕೊಡುತ್ತದೆ, ಅದು ದೀಪ ಹೊರಡಿಸುವ ಒಟ್ಟು ಬೆಳಕಿನ ಅಳತೆ. ಎರಡು ಹಾಕಿದರೆ 4000. 17ರಿಂದ ಭಾಗಿಸಿದರೆ 235. ಗೋಡೆ, ಮಾಡು, ವ್ಯಾನು ನುಂಗುವುದನ್ನು ಅರ್ಧ ಎಂದು ಕಳೆದರೆ ಉಳಿಯುವುದು ನೂರು ಚಿಲ್ಲರೆ ಲಕ್ಸ್, ಅಂದರೆ ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್. ಗಾಡಿ ನಿಲ್ಲಿಸಲು, ಸಾಮಾನು ಹುಡುಕಲು ಧಾರಾಳ ಸಾಕು. ಸ್ಕ್ರೂ ಬಿಚ್ಚಿ ಹಾಕುವ ಕೆಲಸಕ್ಕೆ 300 ಆದರೂ ಬೇಕು. ಇಲ್ಲಿ ಹೆಚ್ಚಿನವರು ಮೇಲೆಯೇ ಇನ್ನೆರಡು ದೀಪ ಹಾಕಿಸಿಬಿಡುತ್ತಾರೆ. ನಾನು ಹಾಕಿಸಲಿಲ್ಲ. ಕಾಪುವಿನಲ್ಲಿ 1901ರಿಂದ ದೀಪಸ್ತಂಭ ಉಂಟು, ಹಡಗಿನವರಿಗೆ ಮೈಲುಗಟ್ಟಲೆ ದೂರಕ್ಕೆ ಕಾಣಲಿ ಎಂದು ಕಟ್ಟಿದ್ದು. ನನಗೆ ಬೆಳಕು ಬೇಕಾದದ್ದು ಮೂರಡಿಯೊಳಗೆ. ದೀಪದ ದೂರ ಅರ್ಧಕ್ಕೆ ಇಳಿದರೆ ಬೀಳುವ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹತ್ತಡಿ ಎತ್ತರದ 20 ವ್ಯಾಟಿಗಿಂತ ಪಕ್ಕದ ಗೋಡೆಯ 10 ವ್ಯಾಟ್ ಓಮ್ನಿಯ ಇಂಜಿನಿಗೆ ಹೆಚ್ಚು ಉಪಕಾರಿ.

ಹಾಗಾಗಿ 20 ವ್ಯಾಟಿನ ಎರಡನ್ನು ಮೇಲೆ, ಆದರೆ ನಡುವೆ ಅಲ್ಲ, ವ್ಯಾನಿನ ಎಡಕ್ಕೂ ಬಲಕ್ಕೂ ಗೋಡೆಗೆ ಹತ್ತಿರ, ಮಾಡಿನ ಮರದ ಪಕ್ಕಾಸುಗಳಿಗೆ ಬಿಗಿದೆವು. ಮುಂದಿನಿಂದ ಹಿಂದಕ್ಕೆ ಉದ್ದುದ್ದ. ಮತ್ತೆ ಎರಡಡಿಯ 10 ವ್ಯಾಟಿನ ಎರಡನ್ನು ಡ್ರೈವರ್ ಬದಿಯ ಗೋಡೆಗೆ, ಎದೆಯೆತ್ತರದಲ್ಲಿ. ನಮ್ಮ ವಯರಿಂಗಿನ ಅಣ್ಣನಿಗೆ ಇದು ಸರಿ ಕಾಣಲಿಲ್ಲ. “ಎಂತ ಮಾರಾಯ್ರೆ, ಲೈಟನ್ನು ಯಾರಾದ್ರೂ ಇಷ್ಟು ಕೆಳಗೆ ಹಾಕ್ತಾರಾ?” ಎಂದರು. ಸೀಟು ಮಗುಚಿ ಅವರನ್ನೇ ಬಗ್ಗಿ ನಿಲ್ಲಿಸಿದೆ. ಬಾಗಿಲಿಗೆ ಸರೀ ಎದುರಾಗಿ ದೀಪ ಇಟ್ಟರೆ ಬೆಳಕು ಬೆನ್ನಿಗೆ ಬಡಿದು, ನಮ್ಮದೇ ನೆರಳು ಇಂಜಿನಿನ ಮೇಲೆ ಕೂರುತ್ತದೆ. ಒಂದನ್ನು ಬಾಗಿಲಿಗಿಂತ ಸ್ವಲ್ಪ ಮುಂದೆ, ಇನ್ನೊಂದನ್ನು ಸ್ವಲ್ಪ ಹಿಂದೆ ಇಟ್ಟಾಗ ಎರಡು ಭುಜಗಳ ಪಕ್ಕದಿಂದಲೂ ಬೆಳಕು ಒಳಗೆ ಹಾಯಿತು. ಒಂದರ ನೆರಳನ್ನು ಇನ್ನೊಂದು ಅಳಿಸಿತು. ಅಣ್ಣ ಬಗ್ಗಿದಲ್ಲಿಂದಲೇ “ಆಯಿಲ್ ಕಡಿಮೆ ಉಂಟು ನಿಮ್ದು” ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಕೆಂಪುಕಲ್ಲಿನ ಗೋಡೆಗೆ ಡ್ರಿಲ್ ಹಾಕಿದವರಿಗೆ ಗೊತ್ತಿರುತ್ತದೆ, ಹಾಕಿದ್ದು ಆರು ಎಂಎಂ ಬಿಟ್ಟಾದರೂ ತೂತು ಅದರ ಇಷ್ಟ ಬಂದಷ್ಟು ದೊಡ್ಡದಾಗುತ್ತದೆ, ಪ್ಲಗ್ ಹಿಡಿಯುವುದಿಲ್ಲ. ಅದಕ್ಕೆ ಹಳೆ ಮಾಡಿನಿಂದ ಬಿಚ್ಚಿಟ್ಟಿದ್ದ ರೀಪಿನ ತುಂಡನ್ನು ಗೋಡೆಗೆ ಅಡ್ಡಕ್ಕೆ, ಉದ್ದದ ಪ್ಲಗ್ ಹಾಕಿ, ತೂತಿಗೆ ಸಿಮೆಂಟ್ ತುಂಬಿಸಿ ಕೂರಿಸಿದೆವು. ದೀಪ ಆ ಮರಕ್ಕೆ. ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಸಮುದ್ರದ ಬದಿಗೆ 304ಕ್ಕಿಂತ 316 ನಂಬರಿನ ಸ್ಟೀಲ್ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ.

ಪ್ಲಾಸ್ಟರ್ ಇಲ್ಲದ ಆ ಕೆಂಪುಗೋಡೆ ಬೆಳಕನ್ನು ಕುಡಿದೇ ಬಿಡುತ್ತಿತ್ತು. ಅಮ್ಮ “ಸುಣ್ಣ ಹೊಡಿ, ಮತ್ತೆ ನೋಡು” ಎಂದರು. ಹೊಡೆದೆ. ಇನ್ನೊಂದು ದೀಪ ತಂದಿದ್ದರೂ ಇಷ್ಟು ವ್ಯತ್ಯಾಸ ಆಗುತ್ತಿರಲಿಲ್ಲ.

ವಯರಿಂಗಿನಲ್ಲಿ ಒಂದು ವಿಚಿತ್ರ ಸಿಕ್ಕಿತು. ಸ್ವಿಚ್ ಆಫ್ ಮಾಡಿದ ಮೇಲೂ ಹೊಸ ದೀಪ ಮಂಕಾಗಿ ಉರಿಯುತ್ತಲೇ ಇತ್ತು. ಎಲ್‌ಇಡಿ ಸರಿ ಇಲ್ಲವೆಂದು ಹಿಂದೆ ಕೊಡುವವರು ಇದ್ದಾರೆ, ಕಾರಣ ಸಾಮಾನ್ಯವಾಗಿ ಬೇರೆ. ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟ್ ಸಾಕು. ಅಥವಾ ಸ್ವಿಚ್ ಫೇಸಿನ ಬದಲು ನ್ಯೂಟ್ರಲ್ ಕತ್ತರಿಸುತ್ತಿರುತ್ತದೆ. ನಮ್ಮದು ಎರಡನೆಯದು, ಶೆಡ್ ಕಟ್ಟಿದ ಕಾಲದಿಂದಲೂ. ಅಂದರೆ ಇಷ್ಟು ವರ್ಷ ಸ್ವಿಚ್ ಆಫ್ ಮಾಡಿ ಟ್ಯೂಬ್ ಬಿಚ್ಚುವಾಗಲೆಲ್ಲ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇತ್ತು. ಹಳೆ ಟ್ಯೂಬ್ ಅಷ್ಟಕ್ಕೆಲ್ಲ ಉರಿಯದ ಕಾರಣ ಗೊತ್ತಾಗಿರಲಿಲ್ಲ. ದೀಪ ಬಿಚ್ಚುವ ಮೊದಲು ಸ್ವಿಚ್ ಅಲ್ಲ, ಎಂಸಿಬಿಯನ್ನೇ ಇಳಿಸಿ, ಟೆಸ್ಟರ್ ಮುಟ್ಟಿಸಿ ನೋಡಿ. ಅಣ್ಣ ವೈರು ಬದಲಿಸಿ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಲೈನಿಗೇ ಶೆಡ್ಡನ್ನೂ ಸೇರಿಸಿದರು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುವ ಜಾಗಕ್ಕೆ ಇದಿಲ್ಲದೆ ಆಗದು.

ಸಿಡಿಲಿನ ಹೆದರಿಕೆ ಬೇರೆ ಉಂಟು. ಏಪ್ರಿಲ್–ಮೇ, ಮತ್ತೆ ಅಕ್ಟೋಬರ್‌ನ ಸಂಜೆ ಗುಡುಗಿಗೆ ಎಲ್‌ಇಡಿ ಸಾಯುವುದು ಹೆಚ್ಚಾಗಿ ಡ್ರೈವರ್ ಸುಟ್ಟು. ಅದಕ್ಕೆ 4 ಕೆವಿ (ನಾಲ್ಕು ಸಾವಿರ ವೋಲ್ಟ್) ಸರ್ಜ್, ಅಂದರೆ ಲೈನಿನಲ್ಲಿ ಒಮ್ಮೆಗೇ ಏರುವ ವೋಲ್ಟೇಜ್, ತಡೆಯುತ್ತದೆಂದು ಬರೆದಿದ್ದ ದೀಪ ತಂದೆ. ಬರಹ ನಂಬಿ ಕೂರುವುದಿಲ್ಲ. ಗುಡುಗು ಶುರುವಾದರೆ ಮೈನ್ ಇಳಿಸದೆ ಬಿಡುವುದಿಲ್ಲ. ಮತ್ತೆ ಬೇಸಿಗೆಯಲ್ಲಿ ನಮ್ಮ ಕೆಂಪುಮಣ್ಣು ಒಣಗಿ ಗಟ್ಟಿಯಾದಾಗ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ತೆಂಗಿನ ಬುಡಕ್ಕೆ ಬಿಡುವ ನೀರಿನಲ್ಲಿ ಅದಕ್ಕೂ ಒಂದು ಪಾಲು.

ಸೆನ್ಸರ್ ದೀಪ ಹಾಕಿಸೆಂದು ಮಗ ಹೇಳಿದ. ಮೈಕ್ರೋವೇವ್ ಸೆನ್ಸರಿನವು ಗ್ರಿಲ್ಲಿನಾಚೆ ತೆಂಗಿನ ಗರಿ ಅಲ್ಲಾಡಿದರೂ ಹೊತ್ತಿಕೊಳ್ಳಬಹುದು. ಪಿಐಆರ್ ಆದರೆ ಮೈಬಿಸಿ ನೋಡಿ ಹೊತ್ತುತ್ತದೆ, ಬೀದಿನಾಯಿಗೂ ಅದು ಉಂಟಲ್ಲ. ಬಾಗಿಲ ಬಳಿ ಮಾತ್ರ ಒಂದು ಪಿಐಆರ್ ಬಲ್ಬ್ ಹಾಕಿ ಅವನ ಆಸೆ ತೀರಿಸಿದೆ.

ಕರೆಂಟ್ ಬಿಲ್ ಇಳಿಯಿತಾ ಎಂದು ಕೇಳುವವರಿಗೆ: ಇಲ್ಲ. ಹಳೆ ಟ್ಯೂಬ್ ಚೋಕ್ ಸೇರಿ ಐವತ್ತು ವ್ಯಾಟ್ ಎಳೆಯುತ್ತಿತ್ತು, ಈಗ ನಾಲ್ಕೂ ಸೇರಿ 60. ದಿನಕ್ಕೆ ಒಂದೂವರೆ ಗಂಟೆ ಉರಿಸಿದರೆ ತಿಂಗಳಿಗೆ ಮೂರು ಯೂನಿಟ್ ಕೂಡ ಆಗುವುದಿಲ್ಲ. ಹೆಚ್ಚುಕಡಿಮೆ ಅದೇ ಕರೆಂಟಿಗೆ ಎರಡು ಪಟ್ಟಿಗೂ ಮೀರಿದ ಬೆಳಕು, ಮತ್ತೆ ಲೋಡ್ ಈಗಲೂ ಇಷ್ಟೇ ಆದ್ದರಿಂದ ಶೆಡ್ಡನ್ನು ಇನ್‌ವರ್ಟರ್ ಲೈನಿಗೆ ಹಾಕಲು ಸಾಧ್ಯವಾಯಿತು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೂ ಬೆಳಗ್ಗಿನ ಟ್ರಿಪ್ಪಿಗೆ ತೊಂದರೆಯಿಲ್ಲ.

ಬಿಚ್ಚಿದ ಟ್ಯೂಬನ್ನು ಒಡೆಯದೆ ಹಳೆ ರಟ್ಟಿನಲ್ಲಿ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ, ಒಳಗೆ ಪಾದರಸ ಇರುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು. ಎಡಬದಿಯ ಗೋಡೆಗೂ ಎರಡು ಕೆಳದೀಪ ಹಾಕಿಸಲು ಮನಸ್ಸುಂಟು. ಅಮ್ಮನ ಲೆಕ್ಕದಲ್ಲಿ ಮುಂದಿನ ದೀಪ ಸೌದೆ ಕೊಟ್ಟಿಗೆಗೆ. “ವ್ಯಾನಿನ ಹೊಟ್ಟೆ ನೋಡಲಿಕ್ಕೆ ನಾಲ್ಕು ಲೈಟು, ನಾನು ಹಾವು ಮೆಟ್ಟದೆ ಸೌದೆ ತರಲಿಕ್ಕೆ ಒಂದೂ ಇಲ್ಲ” ಎಂದಿದ್ದಾರೆ. ಅಣ್ಣನಿಗೆ ಫೋನ್ ಮಾಡಿಯಾಗಿದೆ.