‘ತಪ್ಪಾಯಿತು’ ಎನ್ನುವುದಕ್ಕೂ ‘ತಪ್ಪು ಮಾಡಿದೆ’ ಎನ್ನುವುದಕ್ಕೂ ನಡುವೆ

ಕ್ಷಮೆ ಕೇಳುವಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ತಪ್ಪಾಯಿತು’. ಮಳೆಯಾಯಿತು, ಸಂಜೆಯಾಯಿತು ಎನ್ನುವಂತೆ ತಪ್ಪೂ ತಾನಾಗಿಯೇ ಆಗಿಬಿಟ್ಟಿತು. ಮಾಡಿದವರು ಯಾರು ಎಂಬುದನ್ನು ಆ ಕ್ರಿಯಾಪದ ಹೇಳುವುದೇ ಇಲ್ಲ. ಮನಸ್ಸು ನಿಜವಾಗಿ ನೊಂದಾಗಲೂ ಜನ ಇದೇ ಮಾತನ್ನು ಆಡುತ್ತಾರಾದ್ದರಿಂದ ನಾನು ಮಾತನ್ನು ದೂರುತ್ತಿಲ್ಲ. ಅದರ ಹಿಂದೆ ನಾನು ಎಷ್ಟು ಕಾಲ ಅಡಗಿ ಕುಳಿತಿದ್ದೆ ಎಂಬುದನ್ನಷ್ಟೇ ಬರೆಯಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ವರದಿಯಲ್ಲಿ ಅಂಕಿ ತಪ್ಪಿತ್ತು. ಸಭೆಯಲ್ಲಿ ಮೇಲಧಿಕಾರಿಗಳು ಇದು ಎಲ್ಲಿಂದ ಬಂತೆಂದು ಕೇಳಿದಾಗ, ‘ಆ ಪಟ್ಟಿ ಅವರ ಕೈಯಿಂದ ಬಂದದ್ದು’ ಎಂದು ನನಗಿಂತ ಕಿರಿಯರಾದ ಸಹೋದ್ಯೋಗಿಯೊಬ್ಬರನ್ನು ತೋರಿಸಿದೆ. ನಾನು ಆಡಿದ ಒಂದೊಂದು ಶಬ್ದವೂ ನಿಜ. ಪಟ್ಟಿ ಅವರ ಕೈಯಿಂದಲೇ ಬಂದಿತ್ತು; ಬಂದ ಮೇಲೆ ಅದರಲ್ಲಿನ ಒಂದು ಸಾಲನ್ನು ಅವಸರದಲ್ಲಿ ತಿದ್ದಿದವನು ಮಾತ್ರ ನಾನು. ಅವರು ಏನನ್ನೋ ಹೇಳಲು ಹೊರಟು, ನನ್ನ ಮುಖ ನೋಡಿ, ಸುಮ್ಮನಾದರು. ಎಚ್ಚರಿಕೆಯ ಪತ್ರ ಅವರ ಹೆಸರಿಗೆ ಹೋಯಿತು.

ಆಮೇಲೆ ಸುಮಾರು ಏಳು ತಿಂಗಳು ನಾನು ಪ್ರತಿ ರಾತ್ರಿಯೂ ‘ತಿಳಿದೋ ತಿಳಿಯದೆಯೋ ಮಾಡಿದ ಪಾಪಗಳನ್ನೆಲ್ಲ ಕ್ಷಮಿಸು ಕರ್ತನೇ’ ಎಂದು ಪ್ರಾರ್ಥಿಸಿ ಮಲಗುತ್ತಿದ್ದೆ. ಆರಾಧನೆಯಲ್ಲಿ ಎಲ್ಲರೊಂದಿಗೆ ಕೂಡಿ ಹೇಳುವಾಗ ಆ ಮಾತಿಗೆ ಅದರದೇ ಆದ ಸ್ಥಾನವಿದೆ. ಆದರೆ ತಿಳಿದು ಮಾಡಿದ ಒಂದು ಪಾಪವನ್ನು ತಿಳಿಯದೆ ಮಾಡಿದ ನೂರರ ನಡುವೆ ಸೇರಿಸಿ ದಾಟಿಸಿಬಿಡುವುದಕ್ಕೆ ಅದಕ್ಕಿಂತ ಅನುಕೂಲವಾದ ವಾಕ್ಯ ಇನ್ನೊಂದಿಲ್ಲವೆಂಬುದು ನನ್ನ ಅನುಭವ.

ಬೈಬಲಿನ ಯಾಜಕಕಾಂಡದ 5ನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಿಧಿಯಿದೆ: ದೋಷಿಯಾದವನು ತಾನು ಇಂಥ ವಿಷಯದಲ್ಲಿ ಪಾಪಮಾಡಿದೆನೆಂದು ಅರಿಕೆಮಾಡಬೇಕು. ಬಲಿಪಶುವನ್ನು ತರುವುದಕ್ಕೆ ಮೊದಲು ಆ ‘ಇಂಥ ವಿಷಯ’ ಬಾಯಿಂದ ಹೊರಬರಬೇಕು. ಯೋಹಾನನ ಮೊದಲನೆಯ ಪತ್ರದ 1:9ರಲ್ಲಿ ಪಾಪವನ್ನು ಒಪ್ಪಿಕೊಳ್ಳುವುದಕ್ಕೆ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದ ‘ಹೋಮೊಲೊಗೆಯೋ’. ಅದರ ಮೂಲದಲ್ಲಿರುವುದು ‘ಅದನ್ನೇ ಹೇಳುವುದು’ ಎಂಬ ಅರ್ಥ. ನನ್ನ ಕೃತ್ಯಕ್ಕೆ ದೇವರು ಯಾವ ಹೆಸರಿಡುತ್ತಾನೋ ಆ ಹೆಸರನ್ನೇ ನಾನೂ ಹೇಳಬೇಕು. ನಾನು ‘ಗೊಂದಲ’ ಎಂದು ಕರೆಯುತ್ತಿದ್ದುದಕ್ಕೆ ದೇವರ ಬಳಿ ಇದ್ದ ಹೆಸರು ‘ಸುಳ್ಳುಸಾಕ್ಷಿ’.

ಇದು ನನಗೆ ಹೊಳೆದದ್ದು ಸಮುವೇಲನ ಮೊದಲನೆಯ ಪುಸ್ತಕದ 15ನೆಯ ಅಧ್ಯಾಯವನ್ನು ಓದುವಾಗ. ಎಲ್ಲವನ್ನೂ ನಾಶಮಾಡೆಂಬ ದೇವರ ಆಜ್ಞೆಯಿದ್ದರೂ ಅಮಾಲೇಕ್ಯರ ಕುರಿದನಗಳನ್ನು ಉಳಿಸಿಕೊಂಡು ಬಂದ ಅರಸ ಸೌಲನು ಮೊದಲು ‘ಆಜ್ಞೆಯನ್ನು ನೆರವೇರಿಸಿದ್ದೇನೆ’ ಎನ್ನುತ್ತಾನೆ. ಕುರಿಗಳ ಕೂಗು ಕೇಳಿಸುತ್ತಿದೆಯಲ್ಲ ಎಂದು ಪ್ರವಾದಿ ಸಮುವೇಲನು ಕೇಳಿದಾಗ, ತಂದವರು ಜನರು ಎನ್ನುತ್ತಾನೆ. ಕೊನೆಗೆ ‘ಪಾಪಮಾಡಿದ್ದೇನೆ’ ಎಂದವನು ಅದರ ಬೆನ್ನಿಗೇ, ಹಿರಿಯರ ಮುಂದೆ ನನ್ನ ಮರ್ಯಾದೆಯನ್ನು ಉಳಿಸು ಎಂದು ಬೇಡಿಕೊಳ್ಳುತ್ತಾನೆ. ‘ತಂದವರು ಜನರು’ ಎಂಬಲ್ಲಿ ನಾನು ಓದನ್ನು ನಿಲ್ಲಿಸಿದೆ. ಸಭೆಯಲ್ಲಿ ನಾನು ಆಡಿದ್ದೂ ಅದೇ ಮಾತು.

ಸೌಲನ ನಂತರ ಅರಸನಾದ ದಾವೀದನ ಪಾಪ ಸೌಲನದಕ್ಕಿಂತ ಘೋರವಾದದ್ದು: ಊರೀಯನ ಹೆಂಡತಿಯೊಂದಿಗೆ ವ್ಯಭಿಚಾರ, ಅದನ್ನು ಮುಚ್ಚಲು ಊರೀಯನ ಕೊಲೆ. ಆದರೂ ಸಮುವೇಲನ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನನು ‘ಆ ಮನುಷ್ಯನು ನೀನೇ’ ಎಂದಾಗ ಅವನು ಕೊಟ್ಟ ಉತ್ತರ, ‘ಯೆಹೋವನಿಗೆ ವಿರೋಧವಾಗಿ ಪಾಪಮಾಡಿದ್ದೇನೆ’ ಎಂಬುದು, ಮೂಲ ಹೀಬ್ರೂವಿನಲ್ಲಿ ಎರಡೇ ಪದ. ‘ಆದರೆ’ ಇಲ್ಲ, ‘ಏಕೆಂದರೆ’ ಇಲ್ಲ. ಅದೇ ವಚನದಲ್ಲಿಯೇ ಕ್ಷಮೆಯೂ ಬಂದುಬಿಡುತ್ತದೆ. ಹಾಗೆಂದು ಫಲ ತಪ್ಪಲಿಲ್ಲ. ಕೂಸು ಸತ್ತಿತು, ಆ ಮನೆಯಿಂದ ಕತ್ತಿ ತೊಲಗಲಿಲ್ಲ. ಕ್ಷಮೆ ದೊರೆತ ಮೇಲೆ ನಡೆದದ್ದೆಲ್ಲ ಅಳಿಸಿಹೋಗುತ್ತದೆಂದು ಬೋಧಿಸುವವರನ್ನು ಕೇಳಿದಾಗಲೆಲ್ಲ, ಈ ಅಧ್ಯಾಯದ ಕೊನೆಯವರೆಗೆ ಅವರು ಓದಿಲ್ಲವೇನೋ ಎನಿಸುತ್ತದೆ.

ಆ ರಾತ್ರಿ ನಾನು ಪ್ರಾರ್ಥನೆಯನ್ನು ಕಾಗದದ ಮೇಲೆ ಬರೆಯಲು ಕುಳಿತೆ. ‘ಕರ್ತನೇ, ನನ್ನಿಂದ ತಪ್ಪಾಯಿತು’ ಎಂದು ಕೈ ತಾನಾಗಿಯೇ ಬರೆಯಿತು. ಅದನ್ನು ಹೊಡೆದುಹಾಕಿ, ‘ನಾನು ಸುಳ್ಳು ಹೇಳಿದೆ’ ಎಂದು ಬರೆದೆ. ಅದರ ಕೆಳಗೆ, ಯಾರ ಮೇಲೆ ಹೇಳಿದೆನೋ ಅವರ ಹೆಸರನ್ನು ಬರೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ಹೆಸರು ಬರೆದ ಮೇಲೆ ವಿಷಯ ದೇವರೊಂದಿಗೇ ಮುಗಿಯುವಂತಿರಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗೆಂದು ಯೇಸು ಹೇಳಿದ್ದಾನೆ; ಅರಣ್ಯಕಾಂಡದ 5ನೆಯ ಅಧ್ಯಾಯವಂತೂ ಅನ್ಯಾಯ ಮಾಡಿದವನು ಅರಿಕೆಮಾಡಿ, ಪೂರ್ತಿ ಹಿಂದಿರುಗಿಸಿ, ಅದಕ್ಕೆ ಐದನೆಯ ಒಂದು ಭಾಗವನ್ನು ಕೂಡಿಸಿ ಕೊಡಬೇಕೆನ್ನುತ್ತದೆ. ಈ ಐದನೆಯ ಭಾಗ ಕ್ಷಮೆಯ ಬೆಲೆಯಲ್ಲ. ಅರಿಕೆ ಬರಿಯ ಬಾಯಿಮಾತಲ್ಲ ಎಂಬುದಕ್ಕೆ ಗುರುತು, ಅಷ್ಟೆ. ನಾನು ಆ ಸಹೋದ್ಯೋಗಿಯ ಬಳಿ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡದೆ, ಕೊನೆಗೆ, ‘ಇದನ್ನು ಮೇಲಿನವರಿಗೂ ಹೇಳುತ್ತೀರಾ?’ ಎಂದು ಕೇಳಿದರು. ನನ್ನ ಪಾಲಿನ ಐದನೆಯ ಭಾಗ ಅದಾಗಿತ್ತು. ಮರುದಿನ ಹೇಳಿದೆ. ಅವರ ಹೆಸರಿನ ಪತ್ರ ರದ್ದಾಯಿತು, ನನ್ನ ಹೆಸರಿಗೆ ಒಂದು ಬಂತು. ‘ಕ್ಷಮಿಸಿದ್ದೇನೆ’ ಎಂದು ಅವರು ಹೇಳಲಿಲ್ಲ, ‘ಸರಿ’ ಎಂದರು. ಅದಕ್ಕಿಂತ ಹೆಚ್ಚಿನದನ್ನು ಕೇಳುವ ಹಕ್ಕು ನನಗಿರಲಿಲ್ಲ.

ಯಾರ ಮುಂದೆ ಅರಿಕೆಮಾಡಬೇಕೆಂಬ ವಾದ ಕ್ರೈಸ್ತ ಸಭೆಯಲ್ಲಿ ಹಳೆಯದು. 1215ರ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಗುರುಗಳ ಬಳಿ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಸುಧಾರಣೆಯ (ಪ್ರಾಟೆಸ್ಟೆಂಟ್) ಸಭೆಗಳವರಾದ ನಾವು ಅದನ್ನೆಲ್ಲ ಬಿಟ್ಟುಬಂದೆವೆಂದು ಹೆಮ್ಮೆಪಡುತ್ತೇವೆ. ಆದರೆ ಲೂಥರನ ಕಡೆಯವರು 1530ರಲ್ಲಿ ಸಲ್ಲಿಸಿದ ಆಗ್ಸ್‌ಬರ್ಗ್ ವಿಶ್ವಾಸಪತ್ರದ 11ನೆಯ ವಿಧಿಯೇ, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪಾಪಕ್ಷಮೆಯನ್ನು ಸಾರುವ ಪದ್ಧತಿ ಸಭೆಗಳಲ್ಲಿ ಉಳಿಯಬೇಕೆನ್ನುತ್ತದೆ. ಅದರ ಅಗತ್ಯ ನನಗೆ ಅರ್ಥವಾದದ್ದು ತಡವಾಗಿ. ಹೇಳಬೇಕಾದವರಿಗೆಲ್ಲ ಹೇಳಿ ಮುಗಿಸಿದ ಮೇಲೂ ನಾನು ಪ್ರತಿ ರಾತ್ರಿ ಅದೇ ಪಾಪವನ್ನು ಅದೇ ಮಾತುಗಳಲ್ಲಿ ದೇವರ ಮುಂದೆ ತರುತ್ತಿದ್ದೆ, ಅದನ್ನು ದೀನತೆಯೆಂದೇ ಭಾವಿಸಿದ್ದೆ. ನಮ್ಮ ಸಭೆಯ ಹಿರಿಯರೊಬ್ಬರಲ್ಲಿ ಇದನ್ನು ಹೇಳಿಕೊಂಡಾಗ ಅವರು, ‘ನಿನ್ನೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲವೇನಪ್ಪ?’ ಎಂದರು.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಕಿರಿಯ ಮಗನು, ತಂದೆಯನ್ನು ಬಿಟ್ಟುಹೋಗಿ ಆಸ್ತಿಯನ್ನೆಲ್ಲ ಹಾಳುಮಾಡಿಕೊಂಡ ಮೇಲೆ, ಹಂದಿಗಳ ನಡುವೆ ಕುಳಿತು ತಂದೆಗೆ ಹೇಳಬೇಕಾದುದನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಪಾಪಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯಾಳುಗಳಲ್ಲಿ ಒಬ್ಬನಂತೆ ನನ್ನನ್ನು ಇಟ್ಟುಕೋ. ಮನೆಯ ದಾರಿಯಲ್ಲಿ ತಂದೆ ಓಡಿಬಂದು ಕೊರಳನ್ನಪ್ಪಿಕೊಂಡ ಮೇಲೆ ಅವನು ಮೊದಲೆರಡು ಮಾತುಗಳನ್ನು ಹೇಳುತ್ತಾನೆ. ಮೂರನೆಯದು ಬರುವುದೇ ಇಲ್ಲ. ಅಷ್ಟರಲ್ಲಿ ತಂದೆ ಆಳುಗಳ ಕಡೆಗೆ ತಿರುಗಿ ನಿಲುವಂಗಿ ತನ್ನಿರಿ, ಉಂಗುರ ತನ್ನಿರಿ ಎನ್ನುತ್ತಿದ್ದಾನೆ. ನಾನು ಇಷ್ಟು ರಾತ್ರಿಗಳಲ್ಲಿ ಹೇಳುತ್ತಿದ್ದುದು ಆ ಮೂರನೆಯ ಮಾತನ್ನು: ಮಗನಾಗಿ ಬೇಡ, ಕೂಲಿಗೆ ಇಟ್ಟುಕೋ, ದಿನಕ್ಕಿಷ್ಟೆಂದು ತೀರಿಸುತ್ತೇನೆ.

ಹಿರಿಯರು ಹಾಗೆ ಕೇಳಿದ ರಾತ್ರಿ ನಾನು ಆ ವಿಷಯವನ್ನು ಎತ್ತಲಿಲ್ಲ. ಪ್ರಾರ್ಥನೆ ಬೇಗ ಮುಗಿಯಿತು. ದೀಪ ಆರಿಸಿದ ಮೇಲೆ, ದಿನವೂ ಹೊತ್ತು ಬರುತ್ತಿದ್ದುದನ್ನು ಎಲ್ಲಿಯೋ ಮರೆತುಬಂದವನಂತೆ, ಬಹಳ ಹೊತ್ತು ಬರಿಗೈಯಲ್ಲಿ ಮಲಗಿದ್ದೆ.